ಅಮ್ಮ ಹೆದರಿರೋದು ಬೆನ್ನುಮೂಳೆಗೆ, ಆದ್ರೆ ಅದನ್ನ ಯಾರೂ ಮುಟ್ಟಲ್ಲ

ಪ್ರಶ್ನೆ: ಡಾಕ್ಟ್ರೇ, ನಂಗೆ 24 ವರ್ಷ. ಎರಡು ವರ್ಷದ ಹಿಂದೆ ಫ್ರೆಂಡ್ಸ್ ಎಲ್ಲ ಕೊಟ್ರು ಅಂತ ನಾನೂ ಕೆನ್ನೆ ಒಳಗಿನ ಸ್ವಾಬ್ ಕೊಟ್ಟು ಸ್ಟೆಮ್ ಸೆಲ್ ಡೋನರ್ ಅಂತ ಹೆಸರು ಬರೆಸಿದ್ದೆ, ಆಮೇಲೆ ಮರ್ತೇ ಹೋಗಿತ್ತು. ಈಗ ಯಾರಿಗೋ ಮ್ಯಾಚ್ ಆಗ್ತಿದೆ ಅಂತ ಫೋನ್ ಬಂದಿದೆ. ಬೆನ್ನುಮೂಳೆಯಿಂದ ತೆಗೀತಾರೆ, ಕಾಲು ಸ್ವಾಧೀನ ತಪ್ಪುತ್ತೆ ಅಂತ ಅಮ್ಮ ಅಳ್ತಿದ್ದಾರೆ. ನಂದೇನು ಅಪರೂಪದ ಬ್ಲಡ್ ಗ್ರೂಪೂ ಅಲ್ಲ, ಓ ಪಾಸಿಟಿವ್. ಬೇರೆ ಯಾರೂ ಸಿಗಲ್ವಾ?

ಉತ್ತರ: ಮೊದ್ಲು ಅಮ್ಮನ ವಿಷ್ಯ. ಬೆನ್ನುಹುರಿ ಅಂದ್ರೆ ನರ, ಮಜ್ಜೆ ಅಂದ್ರೆ ಮೂಳೆ ಒಳಗೆ ರಕ್ತ ತಯಾರಾಗೋ ಮೆತ್ತನೆ ಜಾಗ, ಎರಡಕ್ಕೂ ಸಂಬಂಧ ಇಲ್ಲ. ನೀವು ಕೊಡೋ ಸ್ಟೆಮ್ ಸೆಲ್, ಅಂದ್ರೆ ರಕ್ತ ಹುಟ್ಟಿಸೋ ಮೂಲ ಜೀವಕೋಶ, ಇರೋದು ಈ ಮಜ್ಜೆಯಲ್ಲಿ. ಮಜ್ಜೆನೇ ಬೇಕು ಅಂದಾಗ್ಲೂ ಅನಸ್ತೇಶಿಯಾ ಕೊಟ್ಟು ಸೊಂಟದ ಮೂಳೆಯ ಹಿಂಭಾಗದಿಂದ ಸೂಜೀಲಿ ತೆಗೀತಾರೆ, ಕೆಲವು ದಿನ ಸೊಂಟ ನೋಯುತ್ತೆ, ತೆಗೆದದ್ದು ಕೆಲವೇ ವಾರದಲ್ಲಿ ಮತ್ತೆ ತುಂಬ್ಕೊಳ್ಳುತ್ತೆ.

ಈಗ ಹೆಚ್ಚಿನವರು ಕೊಡೋದು ಹಾಗೂ ಅಲ್ಲ, ತೋಳಿನ ರಕ್ತದಿಂದ. ನಾಲ್ಕೈದು ದಿನ ಜಿ-ಸಿಎಸ್‌ಎಫ್ ಅನ್ನೋ ಇಂಜೆಕ್ಷನ್ ಕೊಡ್ತಾರೆ, ಮಜ್ಜೆಯಲ್ಲಿರೋ ಸ್ಟೆಮ್ ಸೆಲ್‌ಗಳು ರಕ್ತಕ್ಕೆ ಇಳೀತವೆ, ಆಮೇಲೆ ಪ್ಲೇಟ್‌ಲೆಟ್ ಕೊಡೋ ತರಾನೇ ಒಂದು ಕೈಯಿಂದ ರಕ್ತ ಮಷಿನ್‌ಗೆ ಹೋಗಿ, ಬೇಕಾದ್ದು ಅಲ್ಲಿ ಉಳ್ಕೊಂಡು, ಮಿಕ್ಕಿದ್ದು ಇನ್ನೊಂದು ಕೈಗೆ ವಾಪಸ್ ಬರುತ್ತೆ. ನಾಲ್ಕರಿಂದ ಆರು ಗಂಟೆ, ಸಾಲದೆ ಇದ್ರೆ ಮಾರನೇ ದಿನವೂ. ನೋವೇ ಇರಲ್ಲ ಅಂತ ನಾನು ಸುಳ್ಳು ಹೇಳಲ್ಲ. ಇಂಜೆಕ್ಷನ್ ದಿನಗಳಲ್ಲಿ ಮೂಳೆ ನೋವು, ತಲೆನೋವು, ಜ್ವರ ಬರೋ ಮುಂಚಿನ ಮೈಕೈ ನೋವಿನ ತರ ಇರುತ್ತೆ, ಇಂಜೆಕ್ಷನ್ ನಿಂತ್ಮೇಲೆ ಹೋಗುತ್ತೆ.

ಇನ್ನು ನೀವೇ ಯಾಕೆ ಅಂದ್ರಿ. ಇಲ್ಲಿ ನೋಡೋದು ಬ್ಲಡ್ ಗ್ರೂಪ್ ಅಲ್ಲ, ಎಚ್‌ಎಲ್‌ಎ, ಅಂದ್ರೆ ಇದು ನಮ್ಮದು, ಇದು ಹೊರಗಿನದು ಅಂತ ದೇಹ ಕಂಡುಹಿಡಿಯೋಕೆ ಜೀವಕೋಶಗಳ ಮೇಲಿರೋ ಗುರುತು. (ಗ್ರೂಪ್ ಬೇರೆ ಇದ್ರೂ ನಡೆಯುತ್ತೆ, ಕಸಿ ಆದ್ಮೇಲೆ ಪೇಷೆಂಟಿನ ಗ್ರೂಪೇ ಡೋನರಿನದಕ್ಕೆ ಬದಲಾಗುತ್ತೆ, ನಂಗೆ ಇವತ್ತಿಗೂ ಆಶ್ಚರ್ಯ ಇದು.) ಎಚ್‌ಎಲ್‌ಎ ಅರ್ಧ ಅಮ್ಮನಿಂದ, ಅರ್ಧ ಅಪ್ಪನಿಂದ ಬರೋದ್ರಿಂದ ಒಡಹುಟ್ಟಿದವರಲ್ಲೂ ಪೂರ್ತಿ ಮ್ಯಾಚ್ ಆಗೋ ಸಾಧ್ಯತೆ ನಾಲ್ಕರಲ್ಲಿ ಒಂದು ಅಷ್ಟೇ. ಅರ್ಧ ಮ್ಯಾಚಲ್ಲೂ ಈಗ ಕಸಿ ಮಾಡ್ತಾರೆ ನಿಜ, ಆದ್ರೆ ನಿಮ್ಮ ವಯಸ್ಸಿನ, ಚೆನ್ನಾಗಿ ಮ್ಯಾಚ್ ಆಗೋ ಡೋನರ್ ಸಿಕ್ಕಿದ್ರೆ ಯಾವ ಡಾಕ್ಟ್ರೂ ಸುಮ್ನೆ ಬಿಡಲ್ಲ.

ಒಪ್ಕೊಳ್ಳಿ ಅನ್ನೋದೇ ನನ್ನ ಆಸೆ, ಆದ್ರೆ ನೀವು ಬೇಡ ಅನ್ಬಹುದು, ಆ ಹಕ್ಕು ಇದೆ. ಅನ್ನೋದಾದ್ರೆ ಈಗ್ಲೇ ಅನ್ನಿ. ಕಸಿಗೆ ಕೆಲವು ದಿನ ಮುಂಚೆ ಪೇಷೆಂಟಿಗೆ ಜೋರು ಕೀಮೋ ಕೊಟ್ಟು ಅವರ ಮಜ್ಜೆನ ಪೂರ್ತಿ ಖಾಲಿ ಮಾಡ್ತಾರೆ, ಅದಾದ್ಮೇಲೆ ನೀವು ಹಿಂದೆ ಸರಿದ್ರೆ ಅವರ ಹತ್ರ ಹಳೇದೂ ಇರಲ್ಲ ಹೊಸದೂ ಇರಲ್ಲ, ಜೀವಕ್ಕೇ ಅಪಾಯ. ಈಗ ಬಂದಿರೋ ಫೋನು ನಾಳೆನೇ ಬಂದು ಕೊಡಿ ಅನ್ನೋದಕ್ಕಲ್ಲ, ಇನ್ನೊಂದ್ಸಲ ರಕ್ತ ನೋಡಿ ಮ್ಯಾಚ್ ಖಾತ್ರಿ ಮಾಡ್ಕೊಂಡು, ನಿಮ್ಮ ಆರೋಗ್ಯಾನೂ ಪೂರ್ತಿ ಚೆಕ್ ಮಾಡ್ತಾರೆ, ನಿಮಗೆ ತೊಂದ್ರೆ ಆಗಬಹುದು ಅನ್ಸಿದ್ರೆ ಅವರೇ ಬೇಡ ಅಂತಾರೆ. ಕೌನ್ಸೆಲಿಂಗ್‌ಗೆ ಅಮ್ಮನ್ನೂ ಕರ್ಕೊಂಡು ಹೋಗಿ, ಅವರೇ ಕೇಳ್ಲಿ. ನೀವು ಪಕ್ಕದಲ್ಲಿ ಕೂತು ಅಮ್ಮನ ಪರವಾಗಿ ಮಾತಾಡಬೇಡಿ.

ಓದ್ತಿರೋ ಬೇರೆಯವರಿಗೂ ಒಂದು ಮಾತು. ಹೆಸರು ಬರೆಸಿ, ಆದ್ರೆ ಸ್ವಾಬ್ ಕೊಟ್ಟ ದಿನವೇ ಮನೇಲಿ ಹೇಳಿ, ಮೊಬೈಲ್ ನಂಬರ್ ಬದ್ಲಾದ್ರೆ ರಿಜಿಸ್ಟ್ರಿಗೂ ಹೇಳಿ.