ಡೈಕಾಸ್ಟ್ ಟ್ರ್ಯಾಕ್ಟರಿನ ಗಾಲಿ: ಎಳೆಯುವ ಮೊದಲು ತಿರುಗಿಸಿ ನೋಡಿ

ಪ್ರಶ್ನೆ: ನಮ್ಮ ಮನೆಯಲ್ಲಿ ಮುಂಚೆ ಮ್ಯಾಸ್ಸಿ ಟ್ರ್ಯಾಕ್ಟರ್ ಇತ್ತು. ಅದರ ನೆನಪಿಗೆ ಅಂತ 1:32 ಅಳತೆಯ ಮ್ಯಾಸ್ಸಿ ಫರ್ಗ್ಯೂಸನ್ 135 ಡೈಕಾಸ್ಟ್ ಮಾಡೆಲ್ ತರಿಸಿದ್ದೇನೆ. ಹಿಂದಿನ ಗಾಲಿ ತೆಗೆದು, ಗದ್ದೆ ಕೆಸರು ಮಾಡುವಾಗ ಹಾಕುತ್ತೇವಲ್ಲ, ಆ ಕೇಜ್ ವೀಲ್ ತರಹದ್ದನ್ನು ನಾನೇ ಮಾಡಿ ಹಾಕಬೇಕು ಅಂತ ಆಸೆ. ಎಷ್ಟು ಎಳೆದರೂ ಬರುತ್ತಿಲ್ಲ. ಸ್ಕ್ರೂಡ್ರೈವರ್ ಹಾಕಿ ಎಬ್ಬಿದರೆ ಬರುತ್ತದಾ? ಬಣ್ಣ ಹೋದರೆ ಅನ್ನುವ ಭಯ.
(ಗಂಗಾವತಿಯ ಓದುಗರು)

ಉತ್ತರ: ಸ್ಕ್ರೂಡ್ರೈವರ್ ಮೊದಲು ಕೆಳಗಿಡಿ. ನಾನು ಮೊದಲ ಸಲ ಅದನ್ನೇ ಮಾಡಿದ್ದು. ಗಾಲಿಗೂ ಮಡ್‌ಗಾರ್ಡಿಗೂ ನಡುವೆ ತುದಿ ತೂರಿಸಿ ಸ್ವಲ್ಪವೇ ಎಬ್ಬಿದೆ, ಗಾಲಿ ಅಲ್ಲೇ ಇತ್ತು, ಮಡ್‌ಗಾರ್ಡ್ ಮಾತ್ರ ಟಕ್ ಅಂತ ಕೈಗೆ ಬಂತು. ಡೈಕಾಸ್ಟ್ ಅಂದರೆ ಅಚ್ಚಿಗೆ ಎರಕ ಹೊಯ್ದ ಲೋಹ, ಕಬ್ಬಿಣ ಅಲ್ಲ. ಅದು ಸತು, ಜೊತೆಗೆ ಸುಮಾರು 4% ಅಲ್ಯೂಮಿನಿಯಂ. ದಪ್ಪ ಇರುವ ಕಡೆ ಗಟ್ಟಿ. ತೆಳ್ಳಗಿರುವ ಕಡೆ ಬಗ್ಗುವುದು ಕಡಿಮೆ, ಸೀದಾ ಮುರಿಯುವುದೇ ಜಾಸ್ತಿ. ಮುರಿದದ್ದನ್ನು ಬೆಸುಗೆ ಹಾಕೋಣ ಅಂದರೂ ಆಗಲ್ಲ, 385 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಕರಗಿ ಹೋಗುತ್ತದೆ. ಅದಕ್ಕೇ ನಿಮ್ಮ ಕೈಯ ಬಲ ಯಾವ ಜಾಗದ ಮೇಲೆ ಬೀಳುತ್ತಿದೆ ಅಂತ ನೋಡಿಕೊಳ್ಳಬೇಕು. ಎಷ್ಟು ಬಲ ಹಾಕಿದಿರಿ ಅನ್ನುವುದು ಆಮೇಲಿನ ಮಾತು.

ಮೊದಲು ಒಂದು ಹಿಂದಿನ ಗಾಲಿಯನ್ನು ಬೆರಳಲ್ಲಿ ತಿರುಗಿಸಿ, ಇನ್ನೊಂದನ್ನು ನೋಡುತ್ತಿರಿ. ಎರಡೂ ಒಟ್ಟಿಗೆ ತಿರುಗಿದರೆ ಉಕ್ಕಿನ ಆಕ್ಸಲ್‌ನ ಎರಡೂ ತುದಿಗೆ ರಿಮ್‌ಗಳನ್ನು ಒತ್ತಿ ಕೂರಿಸಿದ್ದಾರೆ ಅಂತ ಅರ್ಥ. 1:32ರಲ್ಲಿ ಇದೇ ಜಾಸ್ತಿ. ಹಾಗಿದ್ದರೆ ನೀವು ಕೀಳಬೇಕಾದದ್ದು ಒಂದೇ ಗಾಲಿ, ಇನ್ನೊಂದು ಆಕ್ಸಲ್ ಸಮೇತ ಆ ಕಡೆಯಿಂದ ಜಾರಿ ಬರುತ್ತದೆ. ಒಂದೊಂದೇ ತಿರುಗಿದರೆ ಗಾಲಿ ಆಕ್ಸಲ್ ಮೇಲೆ ಸಡಿಲವಾಗಿದೆ, ತುದಿಯಲ್ಲಿ ಏನೋ ತಡೆದಿದೆ: ಒತ್ತಿ ಕೂರಿಸಿದ ಕ್ಯಾಪ್, ಇಲ್ಲವೇ ತಟ್ಟಿ ಅಗಲ ಮಾಡಿದ ಆಕ್ಸಲ್ ತಲೆ. ಅದನ್ನು ಎಷ್ಟು ಎಳೆದರೂ ಬರಲ್ಲ, ತಡೆದಿರುವುದನ್ನು ಮೊದಲು ತೆಗೆಯಬೇಕು.

ಇನ್ನೊಂದು, ಟ್ರ್ಯಾಕ್ಟರನ್ನು ಮಗುಚಿ ಹೊಟ್ಟೆ ನೋಡಿ. ಸ್ಕ್ರೂ ಇದ್ದರೆ ನಿಮ್ಮ ಅದೃಷ್ಟ. ಕೆಲವು ಮಾಡೆಲ್‌ಗಳಲ್ಲಿ ಆಕ್ಸಲ್ ಎರಡು ಭಾಗಗಳ ನಡುವೆ ಸುಮ್ನೆ ಸಿಕ್ಕಿಕೊಂಡಿರುತ್ತದೆ, ಸ್ಕ್ರೂ ಬಿಚ್ಚಿದರೆ ಗಾಲಿ ಸಮೇತ ಕೈಗೆ ಬರುತ್ತದೆ.

ಈಗ ನಿಮ್ಮದು ಒತ್ತಿ ಕೂರಿಸಿದ್ದೇ ಅಂತ ಇಟ್ಟುಕೊಳ್ಳೋಣ. ಬಿಸಿ ಮಾಡಬೇಕು. ಮೈ ಲೋಹದ್ದಾದರೂ ಇಂಥ ಮಾಡೆಲ್‌ಗಳ ರಿಮ್ ಸಾಮಾನ್ಯವಾಗಿ ಎಬಿಎಸ್ ಅನ್ನುವ ಗಟ್ಟಿ ಪ್ಲಾಸ್ಟಿಕ್ಕಿನದು, ಬಿಸಿಗೆ ಅದು ಉಕ್ಕಿಗಿಂತ ಏಳೆಂಟು ಪಟ್ಟು ಜಾಸ್ತಿ ಹಿಗ್ಗುತ್ತದೆ. ಜಾಸ್ತಿ ಅಂದರೂ 3 ಮಿ.ಮೀ. ತೂತು 40 ಡಿಗ್ರಿ ಬಿಸಿಯಾದಾಗ ಮಿಲಿಮೀಟರಿನ ನೂರನೇ ಒಂದು ಭಾಗದಷ್ಟು, ಅಷ್ಟೇ. ಆದರೆ ಪ್ಲಾಸ್ಟಿಕ್ ಸ್ವಲ್ಪ ಮೆತ್ತಗೂ ಆಗುತ್ತದೆ, ಎರಡೂ ಸೇರಿದರೆ ಕೆಲಸ ಆಗುತ್ತದೆ. ಹೇರ್ ಡ್ರೈಯರನ್ನು ಗಾಲಿಯ ನಡುಮಧ್ಯಕ್ಕೆ ಒಂದೆರಡು ನಿಮಿಷ ಹಿಡಿಯಿರಿ. ಅಥವಾ ಗಾಲಿ ಮಾತ್ರ ಮುಳುಗುವ ಹಾಗೆ 60 ಡಿಗ್ರಿಯ ನೀರಿನಲ್ಲಿ ಇಡಿ. ಕುದಿಯುವ ನೀರು ಬೇಡ, ರಿಮ್ ಸೊಟ್ಟಗಾದರೆ ಆಮೇಲೆ ಅದು ಜನ್ಮದಲ್ಲಿ ನೇರ ಓಡಲ್ಲ. ಹೀಟ್ ಗನ್ ಅಂತೂ ಮುಟ್ಟಬೇಡಿ.

ಆಮೇಲೆ ಬೆಣೆ. ಇದು ನನ್ನ ಅಚ್ಚುಮೆಚ್ಚಿನ ಉಪಾಯ. 2 ಮಿ.ಮೀ. ದಪ್ಪದ ಎರಡು ಬಿದಿರ ಪಟ್ಟಿ ತೆಗೆದುಕೊಳ್ಳಿ, ಒಂದು ತುದಿ ತೆಳುವಾಗುವ ಹಾಗೆ ಓರೆಯಾಗಿ ಹೆರೆಯಿರಿ, ಆ ತುದಿಯಲ್ಲೇ ಆಕ್ಸಲ್ ಹಿಡಿಯುವಷ್ಟು ಕಚ್ಚು ಕೊಯ್ಯಿರಿ, ಕವಣೆಯ ಕವಲಿನ ಹಾಗೆ. ಒಂದನ್ನು ಮೇಲಿನಿಂದ, ಇನ್ನೊಂದನ್ನು ಕೆಳಗಿನಿಂದ ಗಾಲಿಯ ಹಿಂದೆ ಆಕ್ಸಲ್ ಮೇಲೆ ಎದುರುಬದುರಾಗಿ ತೂರಿಸಿ, ಎರಡನ್ನೂ ನಿಧಾನ ಒಳಗೆ ಒತ್ತಿ. ಓರೆಗೆ ಓರೆ ಜಾರುತ್ತಾ ದಪ್ಪ ಏರುತ್ತದೆ, ಗಾಲಿ ಯಾವ ಕಡೆಗೂ ವಾಲದೆ ನೇರ ಹೊರಗೆ ಬರುತ್ತದೆ. ಬಲ ಬೀಳುವುದು ಒಂದು ಕಡೆ ರಿಮ್‌ನ ಹಬ್ ಮೇಲೆ, ಇನ್ನೊಂದು ಕಡೆ ಆಕ್ಸಲ್ ಕೂತಿರುವ ದಪ್ಪ ಭಾಗದ ಮೇಲೆ, ಇಡೀ ಟ್ರ್ಯಾಕ್ಟರಿನಲ್ಲಿ ಗಟ್ಟಿ ಜಾಗ ಅದೇ. ಮಡ್‌ಗಾರ್ಡ್ ಸುದ್ದಿಗೇ ಹೋಗುವಂತಿಲ್ಲ. ಬಣ್ಣದ ಮೇಲೆ ಎರಡು ಸುತ್ತು ಮಾಸ್ಕಿಂಗ್ ಟೇಪ್ ಅಂಟಿಸಿಕೊಂಡರೆ ಗೀರೂ ಬೀಳಲ್ಲ. ಜಾಗ ತೀರಾ ಇಕ್ಕಟ್ಟಾದರೆ ಹಳೆಯ ಎಟಿಎಂ ಕಾರ್ಡ್ ಕತ್ತರಿಸಿ ಒಂದರ ಮೇಲೊಂದು ಸೇರಿಸುತ್ತಾ ಹೋಗಿ. ಒಂದೇ ಸಲಕ್ಕೆ ಬರದಿದ್ದರೆ ಮತ್ತೆ ಬಿಸಿ ಮಾಡಿ. ನಾನು ಒಂದು ಗಾಲಿಗೆ ಐದು ಸಲ ಬಿಸಿ ಮಾಡಿದ್ದೂ ಇದೆ.

ತಿರುಚಿ ಎಳೆಯಿರಿ ಅಂತ ಸುಮಾರು ಜನ ಹೇಳುತ್ತಾರೆ. ಆಕ್ಸಲ್ ನುಣ್ಣಗಿದ್ದರೆ ಸರಿ. ಆದರೆ ಎಷ್ಟೋ ಮಾಡೆಲ್‌ಗಳಲ್ಲಿ ಆಕ್ಸಲ್ ತುದಿಗೆ ನರ್ಲಿಂಗ್ ಇರುತ್ತದೆ, ಅಂದರೆ ಹಿಡಿತಕ್ಕೆ ಕೊರೆದ ಸಣ್ಣ ಗೆರೆಗಳು. ತಿರುಚಿದರೆ ಅವು ಅರದ ಹಾಗೆ ಪ್ಲಾಸ್ಟಿಕ್ ತಿಂದು ತೂತು ದೊಡ್ಡದು ಮಾಡುತ್ತವೆ. ಒಳಗೆ ಏನಿದೆ ಅಂತ ಹೊರಗಿನಿಂದ ಕಾಣಲ್ಲ, ಹಾಗಾಗಿ ನನ್ನ ಓಟು ನೇರ ತಳ್ಳುವುದಕ್ಕೇ.

ಮುಂದಿನ ಗಾಲಿ ಸುದ್ದಿ ನೀವು ಕೇಳಿಲ್ಲ, ಕೇಳದಿದ್ದದ್ದೇ ಒಳ್ಳೆಯದು, ಸುಮ್ನೆ ಬಿಡಿ. ಅಲ್ಲಿ ಸ್ಟೀರಿಂಗ್ ತಿರುಗುವ ಪಿನ್ನು ಕಡ್ಡಿ ಹಾಗಿರುತ್ತದೆ.

ಬಿಚ್ಚುವ ಮೊದಲು ಎರಡೂ ಗಾಲಿಯ ಹೊರಗಿನಿಂದ ಹೊರಗಿನವರೆಗೆ ಅಗಲ ಅಳೆದು ಬರೆದಿಡಿ. ಎಡ ಯಾವುದು ಬಲ ಯಾವುದು ಅಂತ ಒಳಗಡೆ ಗುರುತು ಹಾಕಿ. ಟೈರಿನ ಓರೆ ಪಟ್ಟಿಗಳು ಹಿಂದೆ ನಿಂತು ನೋಡಿದರೆ ಮೇಲೆ ಮುಖ ಮಾಡಿದ ಬಾಣದ ಹಾಗೆ ಕಾಣಬೇಕು ಅನ್ನುವುದು ನಿಮಗೆ ಗೊತ್ತಿರುತ್ತದೆ, ಅಲ್ವಾ? ಷೋಕೇಸಿನಲ್ಲಿ ಉಲ್ಟಾ ಟೈರ್ ಹಾಕಿದ ಟ್ರ್ಯಾಕ್ಟರ್ ಇಟ್ಟರೆ ಬೇರೆಯವರಿಗೆ ತಿಳಿಯದಿದ್ದರೂ ನಿಮ್ಮೂರಿನವರು ಬಿಡಲ್ಲ.

ಕೇಜ್ ವೀಲಿಗೆ ಒಂದು ಲೆಕ್ಕ: ನಿಜವಾದ 28 ಇಂಚಿನ ರಿಮ್ 1:32ರಲ್ಲಿ 22 ಮಿ.ಮೀ. ಆಗುತ್ತದೆ. ಅದೇ ಲೆಕ್ಕದಲ್ಲಿ ನಿಮ್ಮೂರಿನ ಕೇಜ್ ವೀಲನ್ನೇ ಟೇಪಿನಲ್ಲಿ ಅಳೆದು 32ರಿಂದ ಭಾಗಿಸಿ. 1 ಮಿ.ಮೀ. ಹಿತ್ತಾಳೆ ತಂತಿಗೆ ಬೆಸುಗೆ ಹಿಡಿಯುತ್ತದೆ, ನಡುವೆ ಆಕ್ಸಲ್ ಅಳತೆಯ ಹಿತ್ತಾಳೆ ಕೊಳವೆ ಇಡಿ. ಬೆಸುಗೆಯನ್ನು ಮಾತ್ರ ಟ್ರ್ಯಾಕ್ಟರಿನಿಂದ ದೂರ ಕೂತು ಮಾಡಿ. ವಾಪಸ್ ಹಾಕುವಾಗ ಸುತ್ತಿಗೆ ಬೇಡ, ವೈಸಿನ ಎರಡು ದವಡೆಗೂ ಮರದ ತುಂಡು ಕೊಟ್ಟು ನಿಧಾನ ಒತ್ತಿ. ಸಡಿಲ ಅನಿಸಿದರೆ ಒಂದು ಹನಿ ನೇಲ್ ಪಾಲಿಶ್ ಸಾಕು. ಕ್ಯಾಬಿನ್ ಗಾಜು ಇರುವ ಮಾಡೆಲ್ ಹತ್ತಿರ ಫೆವಿಕ್ವಿಕ್ ತರದ ಅಂಟು ಬಳಸಿದರೆ ಅದರ ಹೊಗೆಗೆ ಗಾಜು ಬೆಳ್ಳಗೆ ಮಂಕಾಗುತ್ತದೆ, ಸುಲಭಕ್ಕೆ ಹೋಗಲ್ಲ.

ಪ್ರಶ್ನೆ: ಹದಿನೈದು ವರ್ಷ ಷೋಕೇಸಿನಲ್ಲಿದ್ದ ಟ್ರ್ಯಾಕ್ಟರಿನ ಟೈರ್ ಕರಗಿ ರಿಮ್‌ಗೆ ಅಂಟಿಕೊಂಡಿದೆ. ಥಿನ್ನರ್ ಹಾಕಲೇ?
(ಮಂಗಳೂರಿನ ಓದುಗರು)

ಉತ್ತರ: ಥಿನ್ನರ್ ಹಾಕಿದರೆ ಟೈರ್ ಜೊತೆ ರಿಮ್ಮೂ ಹೋಗುತ್ತದೆ, ಬಣ್ಣವೂ ಹೋಗುತ್ತದೆ. ಮೆತ್ತನೆ ಪಿವಿಸಿ ಟೈರಿಗೆ ಮೆತ್ತಗಿರಲಿ ಅಂತ ಎಣ್ಣೆಯಂಥದ್ದು ಸೇರಿಸಿರುತ್ತಾರೆ, ಅದು ವರ್ಷಗಟ್ಟಲೆ ಮೆಲ್ಲಗೆ ಹೊರಬಂದು ಗಟ್ಟಿ ಪ್ಲಾಸ್ಟಿಕ್ಕನ್ನು ಕರಗಿಸುತ್ತದೆ. ನಿಮ್ಮ ಕಡೆಯ ಸೆಕೆಗೆ ಇನ್ನೂ ಬೇಗ. ಬಿಸಿ ನೀರಿನಲ್ಲಿ ಐದು ನಿಮಿಷ ನೆನೆಸಿ, ಟೈರಿನ ಅಂಚನ್ನು ಐಸ್‌ಕ್ರೀಂ ಕಡ್ಡಿಯಿಂದ ಸುತ್ತಲೂ ಬಿಡಿಸುತ್ತಾ ಬನ್ನಿ. ಗಾಲಿ ಕೀಳುವ ಅಗತ್ಯವೇ ಇಲ್ಲ. ರಿಮ್‌ನಲ್ಲಿ ಗುಳಿ ಬಿದ್ದಿರುತ್ತದೆ, ಉಜ್ಜಿ ಬಣ್ಣ ಹಚ್ಚಿ. ಮತ್ತೆ ಟೈರ್ ಹಾಕುವ ಮೊದಲು ನಲ್ಲಿಗೆ ಸುತ್ತುವ ಬಿಳಿ ಟೇಪನ್ನು ರಿಮ್‌ಗೆ ಒಂದು ಸುತ್ತು ಸುತ್ತಿ.

ಪ್ರಶ್ನೆ: ಅಜ್ಜನ ಕಾಲದ, ಡಿಂಕಿ ಬ್ರಾಂಡಿನ ಮ್ಯಾಸ್ಸಿ ಹ್ಯಾರಿಸ್ ಆಟಿಕೆ ಟ್ರ್ಯಾಕ್ಟರ್ ಸಿಕ್ಕಿದೆ. ಬಣ್ಣ ಅರ್ಧ ಹೋಗಿದೆ. ಗಾಲಿ ಬಿಚ್ಚಿ ಹೊಸ ಬಣ್ಣ ಹಚ್ಚಲೇ?
(ಬೆಂಗಳೂರಿನ ಓದುಗರು)

ಉತ್ತರ: ಬೇಡ ಸಾರ್. ಆ ಮಾಡೆಲ್ 1948ರಲ್ಲಿ ಬಂದದ್ದು, ಲಿವರ್‌ಪೂಲಿನ ಮೆಕ್ಯಾನೋ ಕಾರ್ಖಾನೆಯದ್ದು. ಅದರ ಆಕ್ಸಲ್ ತುದಿಯನ್ನು ತಟ್ಟಿ ಅಗಲ ಮಾಡಿರುತ್ತಾರೆ. ಬಿಚ್ಚಬೇಕಾದರೆ ಆ ತಲೆಯನ್ನು ಅರದಲ್ಲಿ ಉಜ್ಜಿ ತೆಗೆಯಲೇಬೇಕು, ಅಲ್ಲಿಗೆ ಮೂಲ ಆಕ್ಸಲ್ ಹೋಯಿತು. ಹಳೆ ಬಣ್ಣ ಉದುರಿದ ಅಸಲಿ ಮಾಡೆಲನ್ನು ಹುಡುಕುವವರು ಇದ್ದಾರೆ, ಮನೆಯಲ್ಲಿ ಬಣ್ಣ ಹಚ್ಚಿದ್ದನ್ನು ಕೇಳುವವರು ಕಡಿಮೆ. ಲೋಹದಲ್ಲಿ ಕೂದಲಿನಂಥ ಬಿರುಕು ಕಂಡರಂತೂ ಮುಟ್ಟಲೇಬೇಡಿ, ಸತುವಿನಲ್ಲಿ ಸೀಸ ಬೆರೆತಿದ್ದ ಹಳೆ ಎರಕಗಳು ಒಳಗಿನಿಂದಲೇ ಪುಡಿಯಾಗುತ್ತವೆ. ಮೆತ್ತನೆ ಬ್ರಷ್ಷಿನಲ್ಲಿ ಧೂಳು ತೆಗೆದು, ತೇವ ಇಲ್ಲದ ಜಾಗದಲ್ಲಿಡಿ.