ಅಟ್ಲಾಂಟಾದಿಂದ ಸವಾನಾಗೆ ಎರಡು ದಿನ: ಏನು ನೋಡಬೇಕು, ಎಲ್ಲಿ ಊಟ ಮಾಡಬೇಕು?

ನೀವು ಕೇಳಿರುವುದು ಇಷ್ಟು: ಅಟ್ಲಾಂಟಾದಲ್ಲಿ ಇದ್ದೀರಿ, ಊರಿಂದ ಅಪ್ಪ ಅಮ್ಮ ಬಂದಿದ್ದಾರೆ, ಎರಡು ದಿನ ಸವಾನಾ ಸುತ್ತಿಸಬೇಕು. ಅಮ್ಮ ಮೊಟ್ಟೆಯನ್ನೂ ಮುಟ್ಟಲ್ಲ, ಉಳಿದವರು ಎಲ್ಲ ತಿನ್ನುತ್ತೀರಿ. ನಾನೂ ಅಟ್ಲಾಂಟಾದವನೇ. ಊರಿಂದ ಯಾರು ಬಂದರೂ ಅವರನ್ನು ಕರೆದುಕೊಂಡು ಹೋಗುವುದು ಅಲ್ಲಿಗೇ, ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಹಿರಿಯರ ಜೊತೆ ಸುತ್ತಲು ಜಾರ್ಜಿಯಾದಲ್ಲಿ ಇದಕ್ಕಿಂತ ಒಳ್ಳೆಯ ಊರು ನನಗೆ ಗೊತ್ತಿಲ್ಲ. ನೆಲ ಸಮತಟ್ಟು, ಎಲ್ಲೆಲ್ಲೂ ಮರದ ನೆರಳು, ನಾಲ್ಕು ಹೆಜ್ಜೆ ನಡೆದರೆ ಕೂರಲು ಬೆಂಚು. ಆದರೆ ಬಹಳ ಜನ ಒಂದು ಕೆಲಸ ಮಾಡುತ್ತಾರೆ. ನದಿ ದಂಡೆಯ ರಿವರ್ ಸ್ಟ್ರೀಟ್‌ನಲ್ಲಿ ಕಾರು ನಿಲ್ಲಿಸಿ, ಅಲ್ಲೇ ಅಂಗಡಿ ಸುತ್ತಿ, ಅಲ್ಲೇ ತಿಂದು ವಾಪಸ್ ಬಂದುಬಿಡುತ್ತಾರೆ. ಊರು ಇರುವುದು ಮೇಲೆ, ದಿಬ್ಬದ ಮೇಲಿನ ಚೌಕಗಳಲ್ಲಿ, ಅಂದರೆ ಮರ, ಬೆಂಚು ಇರುವ ಸಣ್ಣ ಉದ್ಯಾನಗಳ ಸುತ್ತ. ಮೊದಲ ದಿನ ಪೂರ್ತಿ ಅದಕ್ಕೇ ಇಡಿ.

1733ರಲ್ಲಿ ಬ್ರಿಟಿಷರ ಜಾರ್ಜಿಯಾ ವಸಾಹತು ಕಟ್ಟಲು ಜೇಮ್ಸ್ ಓಗ್ಲ್‌ಥಾರ್ಪ್ ಇಲ್ಲಿ ಬಂದಿಳಿದಾಗಲೇ ಊರಿನ ನಕ್ಷೆ ಹಾಕಿದ್ದ. ನಡುವೆ ಒಂದು ಚೌಕ, ಸುತ್ತ ಮನೆಗಳು, ಚರ್ಚು, ಸಾರ್ವಜನಿಕ ಕಟ್ಟಡಗಳು. ಊರು ಬೆಳೆದಂತೆಲ್ಲ ಇದೇ ಅಚ್ಚನ್ನು ಮತ್ತೆ ಮತ್ತೆ ಒತ್ತುತ್ತಾ ಹೋದರು. ಒಟ್ಟು 24 ಚೌಕಗಳಾದವು, ಈಗ 22 ಉಳಿದಿವೆ. ಅದೂ ತಾನಾಗಿ ಉಳಿದದ್ದಲ್ಲ. 1954ರಲ್ಲಿ ಪಾರ್ಕಿಂಗ್ ಕಟ್ಟಡ ಕಟ್ಟೋಕೆ ಅಂತ ಹಳೆಯ ಸಿಟಿ ಮಾರ್ಕೆಟ್ ಅನ್ನೇ ಕೆಡವಿದರು. ಮರುವರ್ಷ ಇನ್ನೊಂದು ಹಳೆಯ ಮನೆ ಬೀಳುವ ಸರದಿ ಬಂದಾಗ ಏಳು ಜನ ಹೆಂಗಸರು ಸೇರಿ, ಹಣ ಕೂಡಿಸಿ ಅದನ್ನು ಕೊಂಡುಕೊಂಡರು. ಅದೇ ಡೇವನ್‌ಪೋರ್ಟ್ ಹೌಸ್, ಈಗ ಮ್ಯೂಸಿಯಂ. ಹಿಸ್ಟಾರಿಕ್ ಸವಾನಾ ಫೌಂಡೇಶನ್ ಹುಟ್ಟಿದ್ದು ಹಾಗೆ. ಆ ಪಾರ್ಕಿಂಗ್ ಕಟ್ಟಡವನ್ನೂ ಮುಂದೆ ಕೆಡವಿದರು. 2010ರಲ್ಲಿ ಅಲ್ಲಿ ಎಲಿಸ್ ಸ್ಕ್ವೇರ್ ವಾಪಸ್ ಬಂತು. ಆ ಏಳು ಜನರ ಬಗ್ಗೆ ನನಗೆ ತುಂಬಾ ಗೌರವ.

ಬೆಳಗ್ಗೆ ಬೇಗ ಜಾನ್ಸನ್ ಸ್ಕ್ವೇರ್‌ನಿಂದ ಹೊರಟು ಬುಲ್ ಸ್ಟ್ರೀಟ್ ಹಿಡಿದು ದಕ್ಷಿಣಕ್ಕೆ ನಡೆಯಿರಿ. ಸಾಲಾಗಿ ಐದು ಚೌಕ ದಾಟಿದರೆ ಫಾರ್ಸೈತ್ ಪಾರ್ಕ್. ದಾರಿಯುದ್ದಕ್ಕೂ ಲೈವ್ ಓಕ್ ಮರಗಳು, ಅವುಗಳಿಂದ ಇಳಿಬಿದ್ದ ಬೂದು ಬಣ್ಣದ ಸ್ಪ್ಯಾನಿಷ್ ಮಾಸ್. ಅಪ್ಪ ಬಂದಳಿಕೆ ಅಂದುಕೊಂಡಾರು. ಅದು ಅನಾನಸ್ ಕುಟುಂಬದ ಗಿಡ, ಮರದ ಸಾರ ಹೀರಲ್ಲ, ಗಾಳಿ ಮಳೆಯಲ್ಲೇ ಬದುಕುತ್ತದೆ. ನೆಲಕ್ಕೆ ಬಿದ್ದದ್ದನ್ನು ಮಾತ್ರ ಕೈಗೆ ತೆಗೆದುಕೊಳ್ಳಬೇಡಿ, ಕಚ್ಚುವ ಸಣ್ಣ ಹುಳ ಸೇರಿಕೊಂಡಿರುತ್ತವೆ.

ಎರಡನೆಯ ಚೌಕ ರೈಟ್ ಸ್ಕ್ವೇರ್‌ನಲ್ಲಿ ನಿಲ್ಲಲೇಬೇಕು. ಓಗ್ಲ್‌ಥಾರ್ಪ್‌ಗೆ ಈ ಜಾಗದಲ್ಲಿ ನೆಲೆಯೂರಲು ಒಪ್ಪಿಗೆ ಕೊಟ್ಟವನು ಯಾಮಕ್ರಾ ಎಂಬ ಮೂಲನಿವಾಸಿ ಜನರ ಮುಖ್ಯಸ್ಥ ಟೊಮೊಚಿಚಿ. 1739ರಲ್ಲಿ ಅವನು ತೀರಿಕೊಂಡಾಗ ಇಲ್ಲೇ ಮಣ್ಣು ಮಾಡಿದರು. 1883ರಲ್ಲಿ ಅದೇ ಜಾಗದಲ್ಲಿ ರೈಲ್ವೆ ಕಂಪನಿಯ ಗಾರ್ಡನ್ ಎಂಬ ದೊಡ್ಡ ಮನುಷ್ಯನಿಗೆ ಸ್ಮಾರಕ ಎಬ್ಬಿಸಿದರು. ಇದನ್ನು ಸಹಿಸದೆ ಮುಂದೆ ಬಂದವರು ಗಾರ್ಡನ್ ಮನೆಯ ಸೊಸೆಯೇ. ಅವರು ಮುತುವರ್ಜಿ ವಹಿಸಿ, ಚೌಕದ ಒಂದು ಮೂಲೆಯಲ್ಲಿ ಟೊಮೊಚಿಚಿ ಹೆಸರಲ್ಲಿ ಒಂದು ಗ್ರಾನೈಟ್ ಬಂಡೆ ಇಡಿಸಿದರು. ನಡುವೆ ಕಂಬಗಳ ದೊಡ್ಡ ಸ್ಮಾರಕ, ಬದಿಯಲ್ಲಿ ಆ ಬಂಡೆ. ಎಲ್ಲರೂ ಸ್ಮಾರಕದ ಫೋಟೋ ತೆಗೆದು ಹೋಗುತ್ತಾರೆ. ನೀವು ಬಂಡೆಯ ಹತ್ತಿರ ಹೋಗಿ.

ಮ್ಯಾಡಿಸನ್ ಸ್ಕ್ವೇರ್‌ನಲ್ಲಿ ಗ್ರೀನ್-ಮೆಲ್ಡ್ರಿಮ್ ಹೌಸ್ ಇದೆ. ಅಮೆರಿಕದ ಅಂತರ್ಯುದ್ಧದಲ್ಲಿ ಉತ್ತರದ ಸೇನೆಯ ಜನರಲ್ ಶರ್ಮನ್ 1864ರ ಡಿಸೆಂಬರ್‌ನಲ್ಲಿ ಊರು ಹಿಡಿದು, ಅಧ್ಯಕ್ಷ ಲಿಂಕನ್‌ಗೆ ಕ್ರಿಸ್‌ಮಸ್ ಉಡುಗೊರೆ ಅಂತ ತಂತಿ ಕಳಿಸಿ, ಉಳಿದುಕೊಂಡಿದ್ದು ಈ ಮನೆಯಲ್ಲಿ. ನನಗೆ ಮುಖ್ಯ ಅನ್ನಿಸುವುದು ಅದರ ಮುಂದಿನ ಕಥೆ. 1865ರ ಜನವರಿಯಲ್ಲಿ 20 ಜನ ಕಪ್ಪು ಪಾದ್ರಿಗಳನ್ನು ಇಲ್ಲಿಗೆ ಕರೆಸಿ, ಗುಲಾಮಗಿರಿಯಿಂದ ಬಿಡುಗಡೆಯಾದ ನಿಮ್ಮ ಜನಕ್ಕೆ ಏನು ಬೇಕು ಅಂತ ಕೇಳಿದರು. ಅವರ ಪರವಾಗಿ ಮಾತಾಡಿದ ಗ್ಯಾರಿಸನ್ ಫ್ರೇಜರ್ ಕೇಳಿದ್ದು ನೆಲ, ತಮ್ಮ ದುಡಿಮೆಯಲ್ಲೇ ಉತ್ತು ಬದುಕಲು. ನಾಲ್ಕು ದಿನದಲ್ಲಿ ಕರಾವಳಿಯ ಜಮೀನನ್ನು ಒಂದೊಂದು ಕುಟುಂಬಕ್ಕೆ 40 ಎಕರೆವರೆಗೆ ಹಂಚುವ ಆದೇಶ ಹೊರಟಿತು. ಅದೇ ವರ್ಷ, ಲಿಂಕನ್ ಸತ್ತ ಮೇಲೆ, ಹೊಸ ಅಧ್ಯಕ್ಷ ಆ್ಯಂಡ್ರ್ಯೂ ಜಾನ್ಸನ್ ಅದನ್ನು ತಿರುಗಿಸಿ ಜಮೀನನ್ನು ಹಳೆಯ ಮಾಲೀಕರಿಗೇ ಕೊಡಿಸಿದ. ಉಳುವವನೇ ಹೊಲದೊಡೆಯ ಅನ್ನುವ ಮಾತು ಕೇಳಿ ಬೆಳೆದ ನಿಮ್ಮ ಅಪ್ಪನಿಗೆ ಈ ಕಥೆ ಖಂಡಿತ ಹೇಳಿ.

ಫಾರ್ಸೈತ್ ಪಾರ್ಕ್‌ನ ಬಿಳಿ ಕಾರಂಜಿ 1858ರದು. ಅಲ್ಲಿ ಸ್ವಲ್ಪ ಕೂತು, ಹತ್ತಿರದ ಸೂಸಿ ಕಿಂಗ್ ಟೇಲರ್ ಸ್ಕ್ವೇರ್‌ಗೆ ಬನ್ನಿ. ಇದಕ್ಕೆ ಮೊದಲು ಗುಲಾಮಗಿರಿಯ ಕಟ್ಟಾ ಬೆಂಬಲಿಗ ಕ್ಯಾಲ್ಹೂನ್‌ನ ಹೆಸರಿತ್ತು. ಸೂಸಿ ಕಿಂಗ್ ಗುಲಾಮಳಾಗಿ ಹುಟ್ಟಿದವರು. ಕಪ್ಪು ಮಕ್ಕಳಿಗೆ ಓದು ಕಲಿಸುವುದೇ ಅಪರಾಧವಾಗಿದ್ದ ಕಾಲ. ಪೊಲೀಸರ ಕಣ್ಣಿಗೆ ಬೀಳದಂತೆ ಪುಸ್ತಕಕ್ಕೆ ಕಾಗದ ಸುತ್ತಿಕೊಂಡು, ಇದೇ ಊರಿನ ಒಬ್ಬ ವಿಧವೆಯ ಮನೆಗೆ ಹೋಗಿ ಅಕ್ಷರ ಕಲಿತರು. ಮುಂದೆ ಕಪ್ಪು ಸೈನಿಕರಿಗೆ ಪಾಠ ಹೇಳಿದರು, ಅವರ ಶುಶ್ರೂಷೆ ಮಾಡಿದರು.

ಒಂದೇ ಒಂದು ಮನೆಗೆ ಟಿಕೆಟ್ ತೆಗೆದುಕೊಳ್ಳುವುದಾದರೆ ಓವೆನ್ಸ್-ಥಾಮಸ್ ಹೌಸ್‌ಗೆ ತೆಗೆದುಕೊಳ್ಳಿ. 1819ರ ಮನೆ, ವಾಸ್ತುಶಿಲ್ಪಿ ವಿಲಿಯಂ ಜೇ ವಿನ್ಯಾಸ ಮಾಡಿದ್ದು. ಮುಂದಿನ ಬಂಗಲೆಯ ವೈಭವ ಸರಿಯೇ. ಹಿತ್ತಲಲ್ಲಿ ಗುಲಾಮರು ಇದ್ದ ಕೋಣೆಗಳಿವೆ, ಅಲ್ಲಿ ತಲೆ ಎತ್ತಿ ಚಾವಣಿ ನೋಡಿ. ಮಾಸಿದ ನೀಲಿ ಬಣ್ಣ ಇನ್ನೂ ಅಂಟಿಕೊಂಡಿದೆ. ನೀಲಿ, ಸುಣ್ಣ, ಮಜ್ಜಿಗೆ ಕಲಸಿ ಬಳಿದದ್ದು, ದೆವ್ವ ಪೀಡೆ ಒಳಗೆ ಬರದಿರಲಿ ಅಂತ. ಆ ಬಣ್ಣ ಬಳಿದವರೇ ಮುಂದಿನ ಬಂಗಲೆಯ ಅಡುಗೆ ಮಾಡಿ, ನೀರು ಹೊತ್ತು, ಮಕ್ಕಳನ್ನು ಎತ್ತಿ ಆಡಿಸಿದವರು. ಫ್ರ್ಯಾಂಕ್ಲಿನ್ ಸ್ಕ್ವೇರ್‌ನ ಫಸ್ಟ್ ಆಫ್ರಿಕನ್ ಬ್ಯಾಪ್ಟಿಸ್ಟ್ ಚರ್ಚನ್ನೂ ಬಿಡಬೇಡಿ. ಹಗಲೆಲ್ಲ ದುಡಿದು, ರಾತ್ರಿ ಹೊತ್ತು ಅದನ್ನು ಕಟ್ಟಿದವರು ಗುಲಾಮರೇ. ಕೆಳಗಿನ ಹಾಲ್‌ನ ಹಲಗೆಯಲ್ಲಿ ವಿನ್ಯಾಸದ ಹಾಗೆ ಕೊರೆದ ಸಣ್ಣ ತೂತುಗಳಿವೆ. ಓಡಿಬಂದವರು ನೆಲದಡಿ ಅಡಗಿದಾಗ ಉಸಿರಾಡಲು ಅಂತ ಅಲ್ಲಿನವರು ಹೇಳುತ್ತಾರೆ. ಮಾರ್ಗದರ್ಶಕರ ಜೊತೆಗೇ ನೋಡಬೇಕು, ಸಮಯ ಮೊದಲೇ ವಿಚಾರಿಸಿ.

ಇನ್ನು ಊಟ. ಈ ಸೀಮೆಯ ಅಡುಗೆಯ ಬುಡ ಪಶ್ಚಿಮ ಆಫ್ರಿಕಾದಲ್ಲಿದೆ. ಬೆಂಡೆಕಾಯಿ, ಅಲಸಂದೆ ಆಫ್ರಿಕಾದಿಂದ ಬಂದವು. ಇಲ್ಲಿನ ಜೌಗು ನೆಲದಲ್ಲಿ ಭತ್ತ ಬೆಳೆದ ಕೈಗಳೂ ಅಲ್ಲಿಯವೇ. ಅವರ ವಂಶದ ಗಲ್ಲಾ ಗೀಚಿ ಜನ ಇಂದಿಗೂ ಈ ಕರಾವಳಿಯಲ್ಲಿದ್ದಾರೆ. ಹಾಗಾಗಿ ತಟ್ಟೆಯಲ್ಲಿ ಅನ್ನ, ಕಾಳು, ಸೊಪ್ಪು, ಬೆಂಡೆಕಾಯಿ ಎಲ್ಲ ಕಾಣುತ್ತದೆ. ಅಮ್ಮನಿಗೆ ಕಷ್ಟ ಶುರುವಾಗುವುದೂ ಇಲ್ಲೇ. ಕೊಲಾರ್ಡ್ ಸೊಪ್ಪನ್ನು ಹಂದಿಮಾಂಸದ ತುಂಡು ಹಾಕಿಯೇ ಬೇಯಿಸುತ್ತಾರೆ, ಅಲಸಂದೆಯೂ ಹೆಚ್ಚು ಕಡೆ ಹಾಗೆಯೇ. ರೆಡ್ ರೈಸ್ ನೋಡಲು ಥೇಟ್ ನಮ್ಮ ಟೊಮೆಟೊ ಬಾತ್, ಒಳಗೆ ಬೇಕನ್ನೋ ಸಾಸೇಜೋ ಇರುತ್ತದೆ. 'ವೆಜಿಟೇರಿಯನ್ನಾ?' ಅಂತ ಕೇಳಿದರೆ ಹೌದು ಅಂದುಬಿಡುತ್ತಾರೆ, ಮೇಲೆ ಮಾಂಸ ಕಾಣಲ್ಲ ಅಲ್ವಾ. 'ಪೋರ್ಕ್, ಬೇಕನ್, ಚಿಕನ್ ಸ್ಟಾಕ್ ಹಾಕಿ ಬೇಯಿಸಿದ್ದೀರಾ?' ಅಂತ ಬಿಡಿಸಿ ಕೇಳಿ. ಗ್ರಿಟ್ಸ್ ಅಂದರೆ ಮೆಕ್ಕೆಜೋಳದ ನುಚ್ಚನ್ನು ಮೆತ್ತಗೆ ಬೇಯಿಸಿ ಬೆಣ್ಣೆ ಹಾಕಿದ್ದು. ನೀರಲ್ಲೋ ಹಾಲಲ್ಲೋ ಬೇಯಿಸಿದ್ದಾದರೆ ಅಮ್ಮ ಧಾರಾಳವಾಗಿ ತಿನ್ನಬಹುದು. ಕಾಳುಮೆಣಸಿನ ಪುಡಿ ಉದುರಿಸಿಕೊಂಡರೆ ಇನ್ನೂ ರುಚಿ.

ಮಧ್ಯಾಹ್ನದ ಊಟಕ್ಕೆ ಜೋನ್ಸ್ ಸ್ಟ್ರೀಟ್‌ನ ಮಿಸೆಸ್ ವಿಲ್ಕ್ಸ್ ಡೈನಿಂಗ್ ರೂಮ್. 1943ರಿಂದ ನಡೆದು ಬಂದ ಬೋರ್ಡಿಂಗ್ ಹೌಸ್ ಊಟ. ಮುಂಗಡ ಬುಕಿಂಗ್ ಇಲ್ಲ, ಬೀದಿಯಲ್ಲಿ ಸಾಲು ನಿಲ್ಲಬೇಕು, ವಾರದ ದಿನ ಮಧ್ಯಾಹ್ನ ಮಾತ್ರ. ಗುರುತಿಲ್ಲದ ಜನರ ಜೊತೆ ಹತ್ತು ಜನರ ಮೇಜಿಗೆ ಕೂರಿಸುತ್ತಾರೆ. ಬಟ್ಟಲುಗಳು ಕೈಯಿಂದ ಕೈಗೆ ದಾಟುತ್ತವೆ: ಫ್ರೈಡ್ ಚಿಕನ್, ಬೀನ್ಸ್, ಗೆಣಸು, ಬೆಂಡೆಕಾಯಿ, ಕಾರ್ನ್ ಬ್ರೆಡ್. ಊಟ ಮುಗಿದ ಮೇಲೆ ನಿಮ್ಮ ತಟ್ಟೆ ನೀವೇ ಒಳಗೆ ಒಯ್ದು ಇಡಬೇಕು. ಚಿಕನ್ ತಿನ್ನುವವರಿಗೆ ಈ ಊರಲ್ಲಿ ಇದಕ್ಕಿಂತ ಒಳ್ಳೆ ಊಟ ಇಲ್ಲ ಅನ್ನುತ್ತೇನೆ. ಆದರೆ ಅಮ್ಮ ಇಲ್ಲಿ ಪೂರ್ತಿ ದುಡ್ಡು ಕೊಟ್ಟು ಅರ್ಧ ಹೊಟ್ಟೆಯಲ್ಲಿ ಏಳಬೇಕಾಗಬಹುದು. ಅವರಿಗೆ ಫಾರ್ಸೈತ್ ಪಾರ್ಕ್‌ನ ದಕ್ಷಿಣ ತುದಿಯ ಸೆಂಟಿಯೆಂಟ್ ಬೀನ್ ಕೆಫೆ ಒಳ್ಳೆಯದು, ಅಲ್ಲಿ ಮಾಂಸದ ಅಡುಗೆಯೇ ಇಲ್ಲ. ಮೊಟ್ಟೆ ಬೇಡ ಅಂತ ಮಾತ್ರ ಹೇಳಿ. ಇಬ್ಬರು ಸಾಲಲ್ಲಿ ನಿಂತಿರುವಾಗ ಇನ್ನಿಬ್ಬರು ಅಲ್ಲಿಗೆ ಹೋಗಿಬಂದರೂ ಆಯಿತು.

ರಾತ್ರಿ ಸ್ವಲ್ಪ ಖರ್ಚು ಮಾಡುವ ಮನಸ್ಸಿದ್ದರೆ ದಿ ಗ್ರೇ. ಅದು 1938ರ ಗ್ರೇಹೌಂಡ್ ಬಸ್ ನಿಲ್ದಾಣ. ಬಿಳಿಯರಿಗೆ, ಕರಿಯರಿಗೆ ಬೇರೆ ಬೇರೆ ಕಾಯುವ ಕೋಣೆ ಇದ್ದ ಕಾಲದ ಕಟ್ಟಡ. ಅಲ್ಲಿ ಈಗ ಅಡುಗೆಮನೆಯ ಯಜಮಾನಿ ಮಶಾಮಾ ಬೇಲಿ ಎಂಬ ಕಪ್ಪು ಮಹಿಳೆ. 2022ರಲ್ಲಿ ಇಡೀ ಅಮೆರಿಕದ ಅತ್ಯುತ್ತಮ ಶೆಫ್ ಅಂತ ಜೇಮ್ಸ್ ಬಿಯರ್ಡ್ ಪ್ರಶಸ್ತಿ ಪಡೆದವರು. ಮೀನು ಮಾಂಸವೇ ಜಾಸ್ತಿ, ಬುಕ್ ಮಾಡುವಾಗಲೇ ಅಮ್ಮನ ವಿಷಯ ಹೇಳಿಡಿ. ಊಟದ ಮೇಲೆ ಬ್ರೌಟನ್ ಸ್ಟ್ರೀಟ್‌ನ ಲಿಯೋಪಾಲ್ಡ್ಸ್ ಐಸ್‌ಕ್ರೀಂ, ಮೊದಲು ಶುರುವಾದದ್ದು 1919ರಲ್ಲಿ. ಸಾಲು ಉದ್ದ ಇರುತ್ತದೆ, ಬೇಗ ಸಾಗುತ್ತದೆ.

ರಿವರ್ ಸ್ಟ್ರೀಟ್‌ಗೆ ಸಂಜೆ ಹೋಗಿ. ಹಡಗಿನ ಭಾರಕ್ಕೆ ಅಂತ ತುಂಬಿ ತಂದ ಕಲ್ಲುಗಳನ್ನೇ ಹಾಸಿದ ರಸ್ತೆ, ಕಡಿದಾದ ಮೆಟ್ಟಿಲು. ಅಪ್ಪ ಅಮ್ಮನಿಗೆ ಹಿಡಿತ ಇರುವ ಶೂ ಹಾಕಿಸಿ, ಇಳಿಯಲು ಲಿಫ್ಟ್ ಎಲ್ಲಿದೆ ಅಂತ ವಿಚಾರಿಸಿ. ಹತ್ತಿಯ ಹಳೆಯ ಗೋದಾಮುಗಳೇ ಈಗ ಹೋಟೆಲು, ಅಂಗಡಿ. ಬೇಲಿ ಹಿಡಿದು ನಿಂತರೆ ಬಂದರಿಗೆ ಹೋಗುವ ಕಂಟೇನರ್ ಹಡಗುಗಳು ಕಣ್ಣಮುಂದೆಯೇ ದಾಟುತ್ತವೆ, ಕಂಟೇನರ್ ಮೇಲಿನ ಹೆಸರು ಓದಬಹುದು. ಆಚೆ ದಡಕ್ಕೆ ದೋಣಿ ಉಚಿತ, ಅದರಲ್ಲಿ ಒಂದು ಸಲ ಹೋಗಿ ಬನ್ನಿ. ಸುಮ್ನೆ ದುಡ್ಡು ಕೊಟ್ಟು ವಿಹಾರದ ಹಡಗು ಹತ್ತಬೇಕಾಗಿಲ್ಲ. ಅಲ್ಲೇ ಕಾಲ ಬಳಿ ಕಡಿದ ಸರಪಳಿ ಬಿದ್ದಿರುವ, ತಬ್ಬಿ ನಿಂತ ಕಪ್ಪು ಕುಟುಂಬದ ಕಂಚಿನ ಪ್ರತಿಮೆ ಇದೆ.

ಎರಡನೆಯ ದಿನ ಟೈಬೀ ದ್ವೀಪದ ಕಡೆ. ದಾರಿಯಲ್ಲಿ ಫೋರ್ಟ್ ಪುಲಾಸ್ಕಿ ಕೋಟೆ. ಎರಡೂವರೆ ಕೋಟಿ ಇಟ್ಟಿಗೆಯ ಈ ಗೋಡೆಯನ್ನು ಯಾರೂ ಒಡೆಯಲಾರರು ಅಂದುಕೊಂಡಿದ್ದರು. 1862ರ ಏಪ್ರಿಲ್‌ನಲ್ಲಿ ಹೊಸ ಬಗೆಯ ಫಿರಂಗಿಗಳು 30 ಗಂಟೆಯಲ್ಲಿ ತೂತು ಮಾಡಿದವು. ಗುಂಡು ಬಡಿದ ಗುಂಡಿಗಳು ಹಾಗೇ ಇವೆ, ಹೊರಗಿನಿಂದ ಒಂದು ಸುತ್ತು ಹಾಕಿ. ಟೈಬೀ ದೀಪಸ್ತಂಭಕ್ಕೆ 178 ಮೆಟ್ಟಿಲು, ಹಿರಿಯರಿಗೆ ಕಡಲ ತೀರವೇ ಸಾಕು. ಈ ಭಾಗದಲ್ಲಿ ಬೇಯಿಸಿದ ಕಡಲೆಕಾಯಿ ಮಾರುವುದು ಕಂಡರೆ ಗಾಡಿ ನಿಲ್ಲಿಸಿ. ಸಿಪ್ಪೆ ಸಮೇತ ಉಪ್ಪುನೀರಲ್ಲಿ ಗಂಟೆಗಟ್ಟಲೆ ಕುದಿಸಿರುತ್ತಾರೆ. ಒತ್ತಿದರೆ ಸಿಪ್ಪೆ ಬಿಚ್ಚಿ ಉಪ್ಪಿನ ರಸ ಬೆರಳ ಮೇಲೆ ಇಳಿಯುತ್ತದೆ. ಮಸಾಲೆ ಹಾಕಿದ್ದು ಬೇಡ ಅನ್ನಿ, ಬರೀ ಉಪ್ಪಿನದೇ ರುಚಿ. ಅಮ್ಮನಿಗೆ ಇದರ ಬಗ್ಗೆ ಏನೂ ವಿವರಿಸಬೇಕಾಗಿಲ್ಲ.

ಮಾರ್ಚ್-ಏಪ್ರಿಲ್ ಅಥವಾ ಅಕ್ಟೋಬರ್-ನವೆಂಬರ್ ಒಳ್ಳೆಯ ಕಾಲ. ಮಾರ್ಚ್ 17ರ ಸೇಂಟ್ ಪ್ಯಾಟ್ರಿಕ್ಸ್ ಡೇ ಆಸುಪಾಸಲ್ಲಿ ಕಾಲಿಡಲು ಜಾಗ ಇರಲ್ಲ, ಆ ವಾರ ಬಿಡಿ. ಸಣ್ಣ ನೊಣ ಕಚ್ಚುತ್ತವೆ, ತುಂಬು ತೋಳಿನ ಬಟ್ಟೆ ಇರಲಿ. ಊರೊಳಗೆ ಡಾಟ್ ಬಸ್ ಉಚಿತ, ಕಾರನ್ನು ಹೋಟೆಲಲ್ಲೇ ಬಿಡಿ. ವಾಪಸ್ ಬರುವಾಗ ಐ-16 ಹೆದ್ದಾರಿಯಲ್ಲಿ ಮೇಕನ್ ಊರಿನ ತನಕ ಅಮ್ಮನಿಗೆ ತಿನ್ನಲು ಏನಾದರೂ ಸಿಗುವುದು ಕಷ್ಟ, ಸವಾನಾದಲ್ಲೇ ಕಟ್ಟಿಸಿಕೊಂಡು ಹೊರಡಿ.