ಮೂಗಿನ ಗಡ್ಡೆ ಮತ್ತೆ ಬರುವುದೇ?

ಪ್ರಶ್ನೆ: ನನಗೆ 54 ವರ್ಷ, ಸೋಮವಾರಪೇಟೆಯ ಬಳಿ ಕಾಫಿ ತೋಟವಿದೆ. ಕಳೆದ ವರ್ಷ ಬಲ ಮೂಗಿನಿಂದ ತೆಗೆದ ಗಡ್ಡೆ ‘ಇನ್ವರ್ಟೆಡ್ ಪ್ಯಾಪಿಲೋಮಾ, ಕ್ಯಾನ್ಸರ್ ಅಲ್ಲ’ ಎಂದು ವರದಿ ಬಂದಿದೆ. ಆದರೂ ವರ್ಷಗಟ್ಟಲೆ ತಪಾಸಣೆಗೆ ಬರಬೇಕೆನ್ನುತ್ತಾರೆ. ಏಕೆ?

ಉತ್ತರ: ವರದಿಯೂ ಸರಿ, ವೈದ್ಯರ ಸಲಹೆಯೂ ಸರಿ. ಈ ಗಡ್ಡೆ ಸೌಮ್ಯವಾದದ್ದೇ; ಆದರೆ ಮೂಗಿನ ಒಳಪದರವು ಹೊರಮುಖವಾಗಿ ಬೆಳೆಯುವ ಬದಲು ಕೆಳಗಿನ ಅಂಗಾಂಶದೊಳಕ್ಕೆ ಮಡಚಿಕೊಂಡು ಬೆಳೆಯುವುದರಿಂದ, ಅದು ಅಂಟಿಕೊಂಡಿದ್ದ ಬುಡದಲ್ಲಿ ತುಸು ಉಳಿದರೂ ಮರುಕಳಿಸಬಲ್ಲದು. ಆದ್ದರಿಂದಲೇ ಎಂಡೋಸ್ಕೋಪ್ ಶಸ್ತ್ರಚಿಕಿತ್ಸೆಯಲ್ಲಿ ಗಡ್ಡೆಯ ಜೊತೆಗೆ ಬುಡದ ಪದರವನ್ನೂ ತೆಗೆದು, ಅಡಿಯ ಮೂಳೆಯನ್ನು ಡ್ರಿಲ್‌ನಿಂದ ತೇಯುತ್ತಾರೆ. ನಿಮ್ಮಲ್ಲಿ ಹಾಗೆ ಮಾಡಲಾಗಿದೆಯೇ ಎಂದು ಕೇಳಿ ತಿಳಿಯಿರಿ. ನನ್ನ ದೃಷ್ಟಿಯಲ್ಲಿ ಅದೇ ಮುಖ್ಯ ಪ್ರಶ್ನೆ. ಮರುಕಳಿಕೆ ಹೆಚ್ಚಾಗಿ ಮೊದಲ 2–3 ವರ್ಷಗಳಲ್ಲಿ ಕಂಡರೂ, ಐದು ವರ್ಷಗಳ ನಂತರವೂ ಕಾಣಿಸಿಕೊಂಡದ್ದುಂಟು.

ಸುಮಾರು 5ರಿಂದ 10 ಶೇಕಡಾ ರೋಗಿಗಳಲ್ಲಿ ಇದರೊಂದಿಗೆ ಸ್ಕ್ವಾಮಸ್ ಸೆಲ್ ಕ್ಯಾನ್ಸರ್ ಕಂಡುಬರುತ್ತದೆ. ಹಲವರಲ್ಲಿ ಅದು ಮೊದಲ ಶಸ್ತ್ರಚಿಕಿತ್ಸೆಯ ವೇಳೆಗೇ ಇರುತ್ತದೆ. ತೆಗೆದ ಅಂಗಾಂಶವನ್ನೆಲ್ಲ ಪರೀಕ್ಷೆಗೆ ಕಳುಹಿಸುವುದು ಇದಕ್ಕಾಗಿಯೇ. ವರದಿಯಲ್ಲಿ ‘ಡಿಸ್‌ಪ್ಲೇಸಿಯಾ’ (ಜೀವಕೋಶಗಳು ಕ್ಯಾನ್ಸರ್ ಆಗದಿದ್ದರೂ ಅಸಹಜವಾಗಿ ಬದಲಾಗಿರುವುದು) ಎಂಬ ಪದವಿದ್ದರೆ ತಪಾಸಣೆ ಇನ್ನಷ್ಟು ಬಿಗಿಯಾಗಿರಬೇಕು. ಧೂಮಪಾನವಿದ್ದರೆ ಬಿಡಿ.

ಕೊಡಗಿನ ಮಳೆಗಾಲದಲ್ಲಿ ಮೂಗು ಕಟ್ಟದವರು ವಿರಳ. ಆದರೆ ಶೀತಕ್ಕೆ ಸಾಮಾನ್ಯವಾಗಿ ಎರಡೂ ಹೊಳ್ಳೆಗಳು ಕಟ್ಟುತ್ತವೆ. ಒಂದೇ ಕಡೆ ಕಟ್ಟಿದ್ದು ವಾರಗಟ್ಟಲೆ ಬಿಡದಿದ್ದರೆ, ರಕ್ತ ಬಂದರೆ, ಕೆನ್ನೆ ಜೋಮು ಹಿಡಿದರೆ ಅಥವಾ ದೃಷ್ಟಿ ಎರಡಾಗಿ ಕಂಡರೆ ನಿಗದಿತ ದಿನಕ್ಕೆ ಕಾಯದೆ ಕಿವಿ-ಮೂಗು-ಗಂಟಲು ತಜ್ಞರನ್ನು ಕಾಣಿರಿ. ಹಳೆಯ ಸಿಟಿ ಸ್ಕ್ಯಾನ್ ಮತ್ತು ಬಯಾಪ್ಸಿ ವರದಿ ಜೊತೆಗಿರಲಿ.